ಶಂಕುಸ್ಥಾಪನೆಯ ಕಲ್ಲಿಗೆ ಒರಗಿದ ಬೆನ್ನು

ಹಿಂದೂಪುರದ ಜಿಲ್ಲಾ ಆಸ್ಪತ್ರೆಯ ಇತಿಹಾಸಕ್ಕೆ ಮೊನ್ನೆ ಭಾರೀ ಅಡಚಣೆಯೊಂದು ಎದುರಾಯಿತು. ಶಂಕುಸ್ಥಾಪನೆಯ ಕಲ್ಲಿಗೆ ಚಿಲಮತ್ತೂರಿನ ಹೆಂಗಸೊಬ್ಬರು ಒರಗಿ ಕೂತಿದ್ದರು.

ಆಸ್ಪತ್ರೆಯ ಚರಿತ್ರೆ ಮತ್ತು ಸೇವೆಗಳ ಬಗ್ಗೆ ಕಿರುಪುಸ್ತಕ ಬರೆಯಲು ಕಲ್ಯಾಣದುರ್ಗದಿಂದ ನನ್ನನ್ನು ಕರೆಸಿದ್ದರು. ಸೇವೆಗಳೆಲ್ಲ ಬೋರ್ಡಿನ ಮೇಲಿದ್ದವು. ಕಟ್ಟಡದ ವರ್ಷ ಕೇಳಿದರೆ ಗುಮಾಸ್ತರು, ಹೆರಿಗೆ ವಾರ್ಡಿನ ಹೊರಗೆ, ಬೆಂಚಿನ ಹಿಂದಿನ ಗೋಡೆಯಲ್ಲಿರುವ ಕಲ್ಲು ನೋಡಿ ಎಂದರು. ಪುಸ್ತಕ ಸಂಜೆಗೆ ಅಚ್ಚಿಗೆ ಹೋಗಬೇಕಿತ್ತು.

"ಅಮ್ಮಾ, ಸ್ವಲ್ಪ ಮುಂದಕ್ಕೆ ಬಾಗ್ತೀರಾ? ವರ್ಷ ಓದ್ಕೋಬೇಕು."

"ಆಗಾಕಿಲ್ಲ ಕಣಪ್ಪ. ಮಗಳು ಒಳಗೆ ನೋವು ತಿಂತಾವ್ಳೆ. ಅವಳು ಹುಟ್ಟುವಾಗ ನಮ್ಮವ್ವ ಇದೇ ಕಲ್ಲಿಗೆ ಒರಗಿದ್ಳು. ಮಗು ಅತ್ತ ಮೇಲೇ ಬೆನ್ನು ತೆಗ್ದಿದ್ದು."

"ಅದು ಯಾವ ವರ್ಷ?" ಎಂದು ಪೆನ್ನು ತೆಗೆದೆ.

"ನಾನು ಹೆರ್ತಾ ಇದ್ನೋ, ಕ್ಯಾಲೆಂಡರ್ ನೋಡ್ತಾ ಇದ್ನೋ?"

ಪೆನ್ನು ಜೇಬಿಗೆ ಹಾಕಿಕೊಂಡೆ. ನಾನು ಬೆಂಚಿನ ತುದಿಯಲ್ಲಿ ಕೂತೆ.

"ಸುಮ್ಕೆ ಕುಂತಿದ್ದೀಯಲ್ಲ, ನೀನೂ ಒರಗ್ಕೊಳಪ್ಪ, ಪರವಾಲೇದು," ಎಂದರು. ಒರಗಿದೆ.

ಮಧ್ಯಾಹ್ನ ಒಳಗಿಂದ ಅಳು ಕೇಳಿತು. ಆಕೆ ಎದ್ದು ಓಡಿದರು. ನಾನು ಕನ್ನಡಕ ಹಾಕಿಕೊಂಡು ಕಲ್ಲಿನ ಕಡೆ ತಿರುಗುವಷ್ಟರಲ್ಲಿ ಗೋರಂಟ್ಲದ ಇನ್ನೊಬ್ಬಾಕೆ ಅಲ್ಲಿಗೆ ಬೆನ್ನು ಕೊಟ್ಟು ಕೂತಾಗಿತ್ತು. ಅವರ ಸೊಸೆಯನ್ನು ಆಗತಾನೆ ಒಳಗೆ ಕರೆದೊಯ್ದಿದ್ದರು.

ಪುಸ್ತಕ ವರ್ಷವಿಲ್ಲದೆ ಅಚ್ಚಾಯಿತು. ಚಿಲಮತ್ತೂರಿನವರ ಮೊಮ್ಮಗು ಹೆಣ್ಣು, ತೂಕ ಎರಡೂಮುಕ್ಕಾಲು ಕಿಲೋ.