ಮೂರು ಓಟಿನ ಮೊಂಟಾನಾ

ಕಾಗದಗಳು ಇನ್ನೂ ಅಂಚೆಚೀಟಿ ಅಂಟಿಸಿಕೊಂಡು ಮನೆಗೆ ಬರುತ್ತಿದ್ದ ಕಾಲ. ಆ ಕಾಲದ ಕೊನೆಯ ವರ್ಷಗಳು. ಸಮುದ್ರದಾಚೆಯ ಓವರ್‌ಲೇಕಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲ ಮನೆಗಳ ಅಂಚೆಪೆಟ್ಟಿಗೆಗಳೂ ಒಂದೇ ಗೋಡೆಯಲ್ಲಿ ಸಾಲಾಗಿದ್ದವು. ನಮ್ಮದು ಹದಿನೇಳನೆಯದು. ಅದರ ಪುಟ್ಟ ಕೀಲಿಕೈಯನ್ನು ಉಣ್ಣೆಯ ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡು ನಾನು ತಿರುಗಿದ ಮೂರು ತಿಂಗಳಿವೆ. ಎರಡು ಸಾವಿರದ ಎಂಟನೆಯ ಇಸವಿ, ನನಗೆ ಹತ್ತು ವರ್ಷ. ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಉಗುರು ಕಚ್ಚಿ ಕಚ್ಚಿ ಬೆರಳಿನ ತುದಿಗಳು ಉರಿಯುತ್ತಿದ್ದವು.

ಆ ಆಗಸ್ಟಿನಲ್ಲಿ ಅಪ್ಪನ ತಾಯಿ ಬಂದಳು. ರಾಣೆಬೆನ್ನೂರಿನ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಇಡೀ ಆಯುಷ್ಯ ಒಂದನೇ ಇಯತ್ತೆಗೆ ಕಲಿಸಿದವಳು ಅಜ್ಜಿ. ಈಗ ನಾನು ಬರೆಯುತ್ತಿರುವ ಈ ಅಕ್ಷರಗಳೂ ನಮ್ಮಲ್ಲಿದ್ದ ಆರು ತಿಂಗಳಲ್ಲಿ ಅವಳು ತಿದ್ದಿಸಿದವೇ. ಬಂದ ದಿನವೇ ಅವಳ ಎಡಗೈ ತೋರುಬೆರಳಿನ ಉಗುರಿನ ತುದಿಯಲ್ಲಿ ಒಂದು ಕಪ್ಪು ಗೆರೆ ಕಂಡು ನಾನು ಮೂಗು ಮುರಿದೆ.

“ಅಜ್ಜೀ, ನಿನ್ನ ನೇಲ್ ಡರ್ಟಿ ಇದೆ.”

“ಹೊಲಸಲ್ಲ ಅದು, ಓಟು!” ಎಂದು ನಕ್ಕಳು. ಮೇ ತಿಂಗಳಲ್ಲಿ ಊರಿನಲ್ಲಿ ಓಟು ಹಾಕಿ ಬಂದಿದ್ದಳಂತೆ. ಚರ್ಮದ ಮೇಲಿನ ಶಾಯಿ ಎರಡು ಮೂರು ವಾರಕ್ಕೆ ಹೋಗುತ್ತದೆ, ಉಗುರಿನ ಮೇಲಿನದು ಉಗುರು ಬೆಳೆದಂತೆಲ್ಲ ಮೇಲಕ್ಕೆ ಸರಿದು, ಕತ್ತರಿಸಿದಾಗ ಹೋಗುತ್ತದೆ ಎಂದು ವಿವರಿಸಿದಳು. ಅವಳಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು? ಟೀಚರ್ ಆಗಿದ್ದಷ್ಟು ವರ್ಷವೂ ಪ್ರತಿ ಚುನಾವಣೆಯಲ್ಲಿ ಅವಳಿಗೆ ಬೂತಿನ ಡ್ಯೂಟಿ ಬೀಳುತ್ತಿತ್ತು. ಕೆಲಸ ಒಂದೇ: ಬಂದವರ ಬೆರಳು ಹಿಡಿದು ಶಾಯಿ ಹಚ್ಚುವುದು. ಊರಿನ ಎಷ್ಟು ಬೆರಳುಗಳು ತನಗೆ ಗೊತ್ತು ಎಂದು ಅವಳು ಹೇಳುತ್ತಿದ್ದಳು: ಸುಣ್ಣಕ್ಕೆ ಸವೆದವು, ಕುಡುಗೋಲು ತಾಗಿದವು, ಬಳೆ ಮಾರುವವಳ ಮೆತ್ತನೆಯವು.

ಶಾಲೆ ಶುರುವಾದ ಎರಡನೆಯ ವಾರ ನಮ್ಮ ಟೀಚರ್ ಒಂದು ಟೋಪಿಯಲ್ಲಿ ಚೀಟಿಗಳನ್ನು ಹಾಕಿ ತಂದರು. ನವೆಂಬರಿನಲ್ಲಿ ಅಧ್ಯಕ್ಷರ ಚುನಾವಣೆ. ಒಬ್ಬೊಬ್ಬರೂ ಒಂದೊಂದು ರಾಜ್ಯ ಎತ್ತಬೇಕು, ಆ ರಾಜ್ಯದ ಶಾಲೆಯ ಒಬ್ಬ ಹುಡುಗನಿಗೋ ಹುಡುಗಿಗೋ ಕಾಗದ ಬರೆದು ಅಲ್ಲಿಯ ಬದುಕು ತಿಳಿಯಬೇಕು, ಎರಡು ಪಕ್ಷಗಳ ಬಣ್ಣಗಳಲ್ಲಿ ಆ ರಾಜ್ಯ ಕೆಂಪಾಗುತ್ತದೋ ನೀಲಿಯಾಗುತ್ತದೋ ಊಹಿಸಬೇಕು. ಫಲಿತಾಂಶ ಬಂದ ಮೇಲೆ ಗೋಡೆಯ ದೊಡ್ಡ ನಕ್ಷೆಯಲ್ಲಿ ಅವರವರ ರಾಜ್ಯಕ್ಕೆ ಅವರವರೇ ಬಣ್ಣ ಹಚ್ಚಬೇಕು. ನನ್ನ ಪಕ್ಕದ ಓವೆನ್‌ಗೆ ಇಪ್ಪತ್ತು ಓಟಿನ ಓಹಾಯೋ ಸಿಕ್ಕಿತು. ಅವನು ಆಗಲೇ ತಾನೇ ಅಧ್ಯಕ್ಷನಾದ ಹಾಗೆ ಕೂತ. ನನಗೆ ಬಂದದ್ದು ಮೊಂಟಾನಾ.

“ಮೊಂಟಾನಾ? ಅಲ್ಲಿ ಇರೋದೇ ಹಸುಗಳು. ಅದಕ್ಕೆ ಬರೀ ಮೂರು ಓಟು,” ಎಂದ ಓವೆನ್.

ಅಧ್ಯಕ್ಷರನ್ನು ಆರಿಸುವ ಲೆಕ್ಕದಲ್ಲಿ ಒಂದೊಂದು ರಾಜ್ಯಕ್ಕೆ ಜನಸಂಖ್ಯೆ ನೋಡಿ ಇಷ್ಟಿಷ್ಟು ಓಟು ಎಂದಿರುತ್ತದೆ, ಮೊಂಟಾನಾಕ್ಕೆ ಮೂರು. ಅದನ್ನು ಅಜ್ಜಿಗೆ ನಾನು ಹೇಳಿದ ರೀತಿಯೇ ಸರಿಯಿರಲಿಲ್ಲವೋ ಏನೋ, ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಇಡೀ ರಾಜ್ಯಕ್ಕ ಮೂರ ಮಂದೀನ? ಅಷ್ಟಕ್ಕ ಬೂತ್ ಯಾಕ ಬೇಕು, ಕಟ್ಟಿ ಮ್ಯಾಲೆ ಕುಂದ್ರಿಸಿ ಕೇಳಿದ್ರ ಮುಗೀತು!” ಅಮ್ಮ ಸಿಂಕಿನ ಮುಂದೆ ನಿಂತು ಬಿದ್ದು ಬಿದ್ದು ನಕ್ಕಳು. ನನಗೆ ಸಿಟ್ಟು ಬಂತು. ನನ್ನ ರಾಜ್ಯವನ್ನು ಕಂಡು ಶಾಲೆಯಲ್ಲೂ ನಗುತ್ತಾರೆ, ಮನೆಯಲ್ಲೂ ನಗುತ್ತಾರೆ.

ಸೆಪ್ಟೆಂಬರ್ ಮುಗಿಯುವುದರೊಳಗೆ ಮೊದಲ ಕಾಗದ ಬಂತು. ಹುಡುಗಿಯ ಹೆಸರು ಜೋಡಿ. ಅಜ್ಜಿಗೆ ಈ ಹೆಸರು ಕೇಳಿ ನಕ್ಕು ನಕ್ಕು ಸಾಕಾಯಿತು. ಅವಳ ಮಾತಿನಲ್ಲಿ ‘ನನ್ನ ಜೋಡಿ ಬಾ’ ಎಂದರೆ ‘ನನ್ನ ಜೊತೆ ಬಾ’. “ಜೋಡಿ ಅಂತ ಹೆಸರು ಇಟ್ಟಾರಲ್ಲ, ಯಾರ ಜೋಡಿ ಅಂತ ಹೇಳಬ್ಯಾಡೇನು?” ಎಂದು ಕಣ್ಣು ಒರೆಸಿಕೊಂಡು ನಕ್ಕು, “ಇರ್ಲಿ, ನಿನ್ನ ಜೋಡಿ,” ಎಂದು ತಾನೇ ತೀರ್ಮಾನ ಕೊಟ್ಟಳು.

ಜೋಡಿ ಕೂಡಿಸಿ ಬರೆಯುತ್ತಿದ್ದ ಇಂಗ್ಲಿಷ್ ಅಕ್ಷರ ಅಜ್ಜಿಗೆ ಓದಲು ಬರುತ್ತಿರಲಿಲ್ಲ. ನಾನು ಓದಿ, ನನ್ನ ಮುರುಕು ಕನ್ನಡದಲ್ಲಿ ಹೇಳುತ್ತಿದ್ದೆ. ಜೋಡಿಯ ಮನೆಯಿಂದ ಶಾಲೆಗೆ ಬಸ್ಸಿನಲ್ಲಿ ಒಂದು ಗಂಟೆ. ಮನೆಯ ಸುತ್ತ ಬೇರೆ ಮನೆಯೇ ಇಲ್ಲ. ಗಾಳಿಗೆ ಬಟ್ಟೆ ಒಣಹಾಕಿದರೆ ಬೇಲಿಯಾಚೆ ಹುಡುಕಬೇಕು. ಕಾಗದವನ್ನು ಮೂಗಿಗೆ ಹಿಡಿದರೆ ಹುಲ್ಲಿನ ವಾಸನೆ ಬರುತ್ತಿತ್ತು. ನಿಜವಾಗಿಯೂ ಬರುತ್ತಿತ್ತೋ, ನನ್ನ ಆಸೆಯೋ, ಈಗ ಹೇಳಲಾರೆ. ಅವರದು ಇನ್ನೂರು ದನಗಳಂತೆ ಎಂದಾಗ ಅಜ್ಜಿ ಎದ್ದು ಕೂತಳು.

“ಎಷ್ಟು ಲೀಟರ್ ಹಾಲು ಕೊಡತಾವಂತ, ಕೇಳಿ ಬರಿ.”

ಬರೆದೆ. ಹಾಲು ಕರೆಯುವುದಿಲ್ಲ, ದೊಡ್ಡವಾದ ಮೇಲೆ ಮಾಂಸಕ್ಕೆ ಮಾರುತ್ತೇವೆ ಎಂದು ಜೋಡಿ ಉತ್ತರ ಬರೆದಳು. ಅಜ್ಜಿ ಕಿವಿಗೊಟ್ಟು ಕೂತಿದ್ದಳು. ನಾನು ತಡವರಿಸಿ, “ಕರು ಎಲ್ಲಾ ಹಾಲು ಕುಡಿದುಬಿಡತ್ತಂತೆ. ದೊಡ್ಡದಾದ ಮೇಲೆ ಸಂತೆಗೆ ಹೋಗತ್ತಂತೆ,” ಎಂದೆ. “ಪುಣ್ಯವಂತ ಮಂದಿ, ಹಾಲೆಲ್ಲಾ ಕರಕ್ಕ ಬಿಡತಾರ,” ಎಂದಳು ಅಜ್ಜಿ. ಕಾಗದವನ್ನು ಸೊಟ್ಟಗೆ ಓದಿ ಹೇಳುವ ಅಭ್ಯಾಸ ನನಗೆ ಅಲ್ಲಿಂದ ಶುರುವಾಯಿತು.

ಅಜ್ಜಿ ನನಗೆ ಐದು ಕಲ್ಲಿನ ಆಟ ಕಲಿಸಿದ್ದಳು. ಒಂದು ಕಲ್ಲು ಮೇಲಕ್ಕೆ ಹಾರಿಸಿ, ಅದು ಬೀಳುವುದರೊಳಗೆ ನೆಲದ ಕಲ್ಲುಗಳನ್ನು ಬಾಚಿಕೊಂಡು, ಹಾರಿದ್ದನ್ನೂ ಹಿಡಿಯಬೇಕು. ಸರೋವರದ ದಂಡೆಯಲ್ಲಿ ಒಂದು ಮಧ್ಯಾಹ್ನವಿಡೀ ಆರಿಸಿ, ಒಂದೇ ಅಳತೆಯ ಐದು ಕಲ್ಲುಗಳನ್ನು ಅವಳು ಜೋಡಿಗೆಂದೇ ತೆಗೆದಿಟ್ಟಳು. ಒಂದಕ್ಕೆ ನಡುವೆ ಬಿಳಿ ಪಟ್ಟೆಯಿತ್ತು. ಅಪ್ಪನ ಹಳೆಯ ಕರವಸ್ತ್ರದಲ್ಲಿ ಕಟ್ಟಿ, ಆಟದ ನಿಯಮ ಬರೆದು ಕಳಿಸಿದೆವು. ನಾಲ್ಕು ಕಲ್ಲಿನವರೆಗೂ ಬಂದಿದ್ದೇನೆ, ನಮ್ಮಪ್ಪ ಎರಡಕ್ಕೇ ಸೋತರು ಎಂದು ಅವಳು ಬರೆದಾಗ ನಾನು ಮನೆಯಲ್ಲೆಲ್ಲ ಕುಣಿದೆ. ನನಗೆ ಅಲ್ಲಿಯವರೆಗೆ ಅಂಥ ಗೆಳತಿ ಇರಲಿಲ್ಲ. ಹೇಳಿಬಿಡುತ್ತೇನೆ, ಆಮೇಲೂ ಸಿಗಲಿಲ್ಲ.

ಅಕ್ಟೋಬರಿನಲ್ಲಿ ತರಗತಿಯೊಳಗೆ ಬಿಸಿ ಏರಿತು. ನಮ್ಮ ಕಡೆ ಎಲ್ಲರ ಬಾಯಲ್ಲೂ ನೀಲಿ. ಮೊಂಟಾನಾ ಮಾತ್ರ ಕೆಂಪೇ, ಅದನ್ನು ಕೇಳುವುದೂ ಬೇಡ ಎಂದು ಓವೆನ್ ಅಂದ. ನನಗೆ ತಡೆಯಲಾಗಲಿಲ್ಲ. “ಈ ಸಲ ನೀಲಿ ಆಗತ್ತೆ, ನೋಡ್ತಿರು!” ಎಂದು ಎದ್ದು ನಿಂತು ಕೂಗಿದೆ. ಹೇಗೆ ಗೊತ್ತು ಎಂದು ಅವನು ಕೇಳಿದ. “ಜೋಡಿ ಹೇಳ್ತಾಳೆ. ಅವರ ಅಪ್ಪ ಅಮ್ಮ ಯಾರಿಗೆ ಹಾಕ್ತಾರೆ ಅಂತ ನಾನು ಕೇಳ್ತೀನಿ,” ಎಂದುಬಿಟ್ಟೆ. ಇಡೀ ತರಗತಿ ನನ್ನತ್ತ ತಿರುಗಿತು. ಆ ಒಂದು ಕ್ಷಣ ಎಷ್ಟು ಚೆನ್ನಾಗಿತ್ತು ಎಂದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಸಂಜೆ ಕಾಗದ ಬರೆಯುತ್ತಾ ಅಜ್ಜಿಗೂ ಹೇಳಿದೆ. ಅವಳು ಶೇಂಗಾ ಹುರಿಯುತ್ತಿದ್ದಳು. ಬಾಣಲೆ ಕೆಳಗಿಳಿಸಿ ನನ್ನ ಹತ್ತಿರ ಬಂದು ಕೂತಳು.

“ಹಂಗ ಕೇಳಬಾರ್ದವಾ. ಓಟು ಯಾರಿಗ್ ಹಾಕಿದ್ರಿ ಅಂತ ಕೇಳೂದಂದ್ರ, ಉಣ್ಣಾಕ ಕುಂತವ್ರ ತಾಟಿನ್ಯಾಗ ಇಣಿಕಿ ನೋಡಿದಂಗ.”

“ಇಲ್ಲಿ ಎಲ್ಲರೂ ಹೇಳ್ತಾರೆ ಅಜ್ಜಿ! ಅಂಗಳದಲ್ಲೇ ಬೋರ್ಡ್ ಹಾಕಿರ್ತಾರೆ.”

“ತಾವಾಗಿ ಹೇಳೂದು ಬ್ಯಾರೆ, ಕೇಳೂದು ಬ್ಯಾರೆ.” ಆಮೇಲೆ ಅವಳ ಬೂತಿನ ಒಂದು ಕತೆ ಹೇಳಿದಳು. ಒಬ್ಬಾಕೆ ಶಾಯಿ ಹಚ್ಚಿಸಿಕೊಳ್ಳುತ್ತಾ, “ನಮ್ಮನಿಯವ್ರು ಯಾರಿಗ್ ಹಾಕಿದ್ರು ರೀ ಟೀಚರ?” ಎಂದು ಪಿಸುಗುಟ್ಟಿದಳಂತೆ. “ಅವ್ರ ಬೆರಳಿಗೆ ಶಾಯಿ ಹಚ್ಚೀನಿ ತಾಯಿ, ಅಷ್ಟ ನನಗ ಗೊತ್ತು,” ಎಂದು ಅಜ್ಜಿ ಕಳಿಸಿದಳಂತೆ. “ಅಕಿ ಒಂದಕ್ಕ ಹಾಕಿರ್ತಾಳ, ಅಂವ ಒಂದಕ್ಕ ಹಾಕಿರ್ತಾನ. ಸಂಜೀಕ ಇಬ್ರೂ ಒಂದ ಒಲಿ ಮುಂದ ಕುಂತು ಉಣಬೇಕಲ್ಲ?”

ನಾನು ಹ್ಞೂ ಎಂದೆ. ಮರುದಿನ ಬೆಳಿಗ್ಗೆ ಶಾಲೆಗೆ ಹೋಗುವ ದಾರಿಯಲ್ಲಿ, ಕಾಗದದ ಕೊನೆಗೆ ಪ್ರಶ್ನೆಯನ್ನು ಸೇರಿಸಿ ಲಕೋಟೆ ಅಂಟಿಸಿ ಡಬ್ಬಕ್ಕೆ ಹಾಕಿದೆ.

ಆಮೇಲೆ ಕಾಯುವುದು. ದಿನಾ ಶಾಲೆಯ ಬಸ್ಸಿಳಿದು, ಒದ್ದೆ ಎಲೆಗಳ ಮೇಲೆ ಜಾರುತ್ತಾ ಹದಿನೇಳನೆಯ ಪೆಟ್ಟಿಗೆಗೆ ಓಡುವುದು. ಬಿಲ್ಲುಗಳು, ಪಿಜ್ಜಾ ಅಂಗಡಿಯ ಕೂಪನ್ನುಗಳು. ಭಾನುವಾರ ಅಂಚೆಯಿಲ್ಲ ಎಂದು ಗೊತ್ತಿದ್ದೂ ಎರಡು ಸಲ ತೆಗೆದು ನೋಡುತ್ತಿದ್ದೆ. ಊಟಕ್ಕೆ ಕೂತರೆ ಕಾಲು ಕುಣಿಯುತ್ತಿತ್ತು. “ನಮಗೇ ಇಲ್ಲಿ ಓಟಿಲ್ಲ, ನಿನಗ್ಯಾಕೆ ಇಷ್ಟು ಟೆನ್ಷನ್?” ಎಂದು ಅಪ್ಪ ನಗುತ್ತಿದ್ದರು. ಅಜ್ಜಿ ಒಂದು ಕಪ್ಪು ಮಾರ್ಕರ್ ತಂದು ನನ್ನ ಎಡಗೈ ತೋರುಬೆರಳಿನ ಉಗುರಿನ ಮೇಲೆ ಗೆರೆ ಎಳೆದಳು. “ಇದನ್ನ ಕಚ್ಚಿದ್ರ ಓಟು ರದ್ದು, ನೋಡು!” ಉಳಿದ ಒಂಬತ್ತನ್ನು ಕಚ್ಚಿದೆ.

ಚುನಾವಣೆಯ ಸಂಜೆ ಟೀವಿಯ ಮುಂದೆ ನಿಂತೇ ಇದ್ದೆ. ಅಡುಗೆಮನೆಯಲ್ಲಿ ಅಜ್ಜಿಯ ರೊಟ್ಟಿಯ ಹೊಗೆಗೆ ಸ್ಮೋಕ್ ಅಲಾರ್ಮ್ ಬಡಿದುಕೊಂಡಿತು, ಅಮ್ಮ ಕುರ್ಚಿ ಹತ್ತಿ ಟವೆಲ್ ಬೀಸಿದಳು. ನಕ್ಷೆಯಲ್ಲಿ ಒಂದೊಂದೇ ರಾಜ್ಯಕ್ಕೆ ಬಣ್ಣ ಬರುತ್ತಿತ್ತು. ಮೊಂಟಾನಾ ಬಿಳಿ. ಎಂಟು ಗಂಟೆಗೆ ಗೆದ್ದವರು ಯಾರೆಂದು ಹೇಳಿಯೇ ಬಿಟ್ಟರು. ಮೇಲಿನ ಮನೆಯವರು ನೆಲ ಕುಟ್ಟಿ ಕುಣಿದರು, ಹೊರಗೆ ಕಾರುಗಳು ಹಾರ್ನ್ ಹೊಡೆದವು. “ಆದರೆ ಮೊಂಟಾನಾ?” ಎಂದು ನಾನು ಕೇಳುತ್ತಲೇ ಇದ್ದೆ. ಮೂರು ಓಟು ಯಾರಿಗೂ ಬೇಕಾಗಿರಲಿಲ್ಲ.

ಬೆಳಿಗ್ಗೆ ಎದ್ದಾಗ ಅದು ಕೆಂಪಾಗಿತ್ತು. ಬಹಳ ಹತ್ತಿರದ ಪೈಪೋಟಿ ಇತ್ತು ಎಂದು ಟೀಚರ್ ಸಮಾಧಾನ ಹೇಳಿ ಕೆಂಪು ಕ್ರೇಯಾನ್ ಕೊಟ್ಟರು. ಓವೆನ್ ನನ್ನತ್ತ ಹುಬ್ಬು ಹಾರಿಸಿದ. ನಾನು ಕ್ರೇಯಾನ್ ಮುರಿಯುವಷ್ಟು ಒತ್ತಿ ಬಣ್ಣ ಹಚ್ಚಿದೆ. ನನಗೆ ಸಿಟ್ಟಿದ್ದದ್ದು ಜೋಡಿಯ ಮೇಲೆ. ಒಂದು ಉತ್ತರ ಬರೆದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು ಅಂದುಕೊಂಡೆ.

ಶನಿವಾರ ಲಕೋಟೆ ಬಂತು. ದಪ್ಪಗೆ, ಭಾರವಾಗಿ. ಅಂಚೆಪೆಟ್ಟಿಗೆಗಳ ಕೆಳಗೇ ಕೂತು ಒಡೆದೆ.

“ನೀನು ಕೇಳಿದ್ದು ನನಗೂ ಗೊತ್ತಿರಲಿಲ್ಲ,” ಎಂದು ಬರೆದಿದ್ದಳು ಜೋಡಿ. “ಅದಕ್ಕೆ ಊಟಕ್ಕೆ ಕೂತಾಗ ಇಬ್ಬರನ್ನೂ ಕೇಳಿದೆ. ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಅದನ್ನು ಕೇಳಿರಲಿಲ್ಲ. ಅಮ್ಮ ಒಂದು ಹೆಸರು ಹೇಳಿದಳು. ಅಪ್ಪ ಫೋರ್ಕ್ ಕೆಳಗಿಟ್ಟರು. ನನ್ನ ಸೋದರಮಾವ ಯುದ್ಧದಲ್ಲಿದ್ದಾನೆ, ಅದಕ್ಕೇ ಅವರಿಗೆ ಹಾಕುವುದು ಅಂದಳು ಅಮ್ಮ. ಅವನು ಅಲ್ಲಿದ್ದಾನೆ ಅಂತಲೇ ಅವರಿಗೆ ಹಾಕಬಾರದು ಅಂದರು ಅಪ್ಪ. ಈಗ ಅಪ್ಪ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಮಲಗುತ್ತಾರೆ. ಅಲ್ಲೇ ಊಟ. ಇದನ್ನು ಕೇಳು ಅಂತ ನಿನಗೆ ಯಾರು ಹೇಳಿಕೊಟ್ಟರು ಎಂದು ಅಮ್ಮ ಕೇಳಿದಳು. ಇನ್ನು ನನಗೆ ಬರೆಯಬೇಡ. ಕಲ್ಲುಗಳು ನಿನ್ನ ಅಜ್ಜಿಯವು, ವಾಪಸು ಕಳಿಸಿದ್ದೇನೆ.”

ನಾವು ಹಾಕಿದಂಥದೇ ಗಂಟನ್ನು ಅವಳೂ ಕರವಸ್ತ್ರಕ್ಕೆ ಹಾಕಿದ್ದಳು.

ಮನೆಯಲ್ಲಿ ಅಜ್ಜಿ ಬಾಗಿಲಲ್ಲೇ ಕೇಳಿದಳು. “ಬಂತೇನವಾ? ಏನ್ ಬರದಾಳ ನಿನ್ನ ಜೋಡಿ?” ನಾನು ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದು ಓದಿದೆ. ಅಲ್ಲಿ ಹಿಮ ಬಿದ್ದಿದೆಯಂತೆ. ಅವಳ ಕರು ದೊಡ್ಡದಾಗಿದೆಯಂತೆ. ಎಲ್ಲರೂ ಆರಾಮಂತೆ. ಅಜ್ಜಿಯನ್ನೂ ಕೇಳಿದ್ದಾಳಂತೆ. ಅಜ್ಜಿ ತಲೆಯಾಡಿಸಿದಳು. ಕಲ್ಲಿನ ಗಂಟನ್ನು ನನ್ನ ಹಳೆಯ ಬೂಟಿನೊಳಗೆ ತುರುಕಿದೆ. ಕ್ಷಮಿಸು ಎಂದು ಮೂರು ಕಾಗದ ಬರೆದು ಮೂರನ್ನೂ ಹರಿದೆ. ಬರೆಯಬೇಡ ಎಂದವಳಿಗೆ ಹೇಗೆ ಬರೆಯುವುದು? ಆ ಮನೆಯ ಊಟದ ಮೇಜು ನಿದ್ದೆಯಲ್ಲೂ ಬರುತ್ತಿತ್ತು. ನಾನು ಒಮ್ಮೆಯೂ ನೋಡದ ಮನೆಯನ್ನು ನಾನೇ ಒಡೆದಿದ್ದೆ.

ಡಿಸೆಂಬರಿನಲ್ಲಿ ಹಿಮ ಬಿತ್ತು. ನನಗೆ ಬೂಟು ತೆಗೆದುಕೊಡಲು ಅಜ್ಜಿ ಕಪಾಟಿಗೆ ಕೈ ಹಾಕಿದಳು. ನಾನು ಓಡಿ ಬರುವಷ್ಟರಲ್ಲಿ ಗಂಟು ಅವಳ ಅಂಗೈಯಲ್ಲಿತ್ತು. ಬಿಚ್ಚಿದಳು. ಬಿಳಿ ಪಟ್ಟೆಯ ಕಲ್ಲನ್ನು ಹೆಬ್ಬೆರಳಿನಿಂದ ಒಂದು ಸಲ ಸವರಿದಳು. ಸಾವಿರಾರು ಜನರ ಬೆರಳು ಹಿಡಿದು ಮುಖ ನೋಡಿದವಳಿಗೆ ನನ್ನ ಮುಖದಲ್ಲಿ ಏನಿದೆ ಎಂದು ತಿಳಿಯದೇ ಇರುತ್ತದೆಯೇ? ಈಗ ಕೇಳುತ್ತಾಳೆ ಎಂದು ನಾನು ಗೋಡೆಗೆ ಒರಗಿದೆ.

ಅವಳು ಕಾರ್ಪೆಟ್ಟಿನ ಮೇಲೆ ಕೂತು, ಸೀರೆ ಸರಿಪಡಿಸಿಕೊಂಡು, ಕಲ್ಲುಗಳನ್ನು ಹರಡಿದಳು.

“ಬಾ,” ಎಂದಳು. “ನನ್ನ ಜೋಡಿ ಆಡು.”

ನಾನು ಅತ್ತೆ. ಅವಳು ಕಲ್ಲು ಹಾರಿಸುತ್ತಲೇ ಇದ್ದಳು. ನನ್ನ ಸರದಿ ಬರುವವರೆಗೆ ಕಾಯ್ದಳು.

ಈಗ ನಾನೂ ಇಲ್ಲಿಯ ಪ್ರಜೆ, ಅಂಚೆಯಲ್ಲಿ ನನ್ನ ಹೆಸರಿಗೇ ಓಟಿನ ಚೀಟಿ ಬರುತ್ತದೆ. ಪ್ರತಿ ಸಲವೂ ಫಲಿತಾಂಶದ ನಕ್ಷೆಯಲ್ಲಿ ಮೊದಲು ಮೊಂಟಾನಾದ ಕಡೆ ನೋಡುತ್ತೇನೆ. ಅದಕ್ಕೀಗ ಮೂರಲ್ಲ, ನಾಲ್ಕು ಓಟು. ಓಟು ಯಾರಿಗೆ ಎಂದು ಕೇಳುವ ಸಂಕೋಚ ಯಾರಿಗೂ ಉಳಿದಿಲ್ಲ. ಕೇಳಿ, ಉತ್ತರ ಹಿಡಿಸದೆ ಹೋದರೆ ಮದುವೆಗೂ ಕರೆಯುವುದಿಲ್ಲ. ಕಳೆದ ಚುನಾವಣೆಯಲ್ಲಿ ನಮ್ಮ ಮನೆತನದ ವಾಟ್ಸಾಪ್ ಗುಂಪು ಎರಡಾಯಿತು. ಎರಡರಲ್ಲೂ ನಾನಿದ್ದೇನೆ, ಎರಡರಲ್ಲೂ ನನ್ನನ್ನು ಅನುಮಾನಿಸುತ್ತಾರೆ.

ಆ ಚಳಿಗಾಲ ಮುಗಿಯುವ ಮುಂಚೆ, ಫೆಬ್ರವರಿಯಲ್ಲಿ, ಅಜ್ಜಿ ಊರಿಗೆ ಹೋದಳು. ಆಮೇಲೆ ಅವಳು ತೀರಿಕೊಳ್ಳುವವರೆಗೆ ಹನ್ನೊಂದು ವರ್ಷ, ಭಾನುವಾರ ತಪ್ಪದೆ ಫೋನಿನಲ್ಲಿ ಎಲ್ಲವನ್ನೂ ಕೇಳುತ್ತಿದ್ದಳು: ಉಂಡ್ಯಾ, ಮಳಿ ಐತೇನ, ಉಗುರು ಕಚ್ಚೂದು ಬಿಟ್ಟ್ಯಾ. ಜೋಡಿ ಹೇಗಿದ್ದಾಳೆ ಎಂದು ಒಂದು ಸಲವೂ ಕೇಳಲಿಲ್ಲ. ನನ್ನ ಸುತ್ತ ಈಗ ಕೇಳುವವರೇ ತುಂಬಿದ್ದಾರೆ. ಎಲ್ಲ ಗೊತ್ತಿದ್ದೂ ಕೇಳದೆ, ಪಕ್ಕದಲ್ಲಿ ಕೂತು ಕಲ್ಲು ಹಾರಿಸುವವರು ಯಾರೂ ಇಲ್ಲ.