ಗೋಡೆ ಏರದ ಸವತಿ

ನನ್ನ ಹೆಂಡತಿ ತೀರಿಹೋಗಿ ನಾಲ್ಕು ತಿಂಗಳಾಯಿತು. ಗೋಡೆಗೆ ಫೋಟೋ ಇನ್ನೂ ಬಂದಿಲ್ಲ. ಮೊಳೆ ಮಾತ್ರ ಹೊಡೆದಿದ್ದೇವೆ. ಬೆಳಿಗ್ಗೆ ಚಹಾ ಕುಡಿಯುತ್ತ ಆ ಮೊಳೆಯನ್ನೇ ನೋಡುತ್ತೇನೆ.

"ಇರೂದು ಒಂದ ಫೋಟೋ. ದೊಡ್ಡದು ಮಾಡ್ಸಾಕ ಇಷ್ಟ್ಯಾಕ ತಡಾ, ಅಪ್ಪಾ?" ಎಂದು ಮಗ ಕೇಳುತ್ತಾನೆ.

ಇರುವುದು ಒಂದಲ್ಲ, ಎರಡು. ಬಾಯಿಂದ ಹೇಳಲು ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾವು ಸಿದ್ದಿಗಳು. ನಮ್ಮ ಹಿರಿಯರನ್ನು ಯಾವ ಕಾಲದಲ್ಲೋ ಆಫ್ರಿಕಾದಿಂದ ಹಡಗಿನಲ್ಲಿ ತಂದರಂತೆ. ತಂದವರು ಹೋದರು, ನಾವು ಈ ಕಾಡಿನಲ್ಲಿ ಉಳಿದೆವು. ಮೈ ಕಪ್ಪು, ಕೂದಲು ಗುಂಗುರು. ಮನೆಯಲ್ಲಿ ಕೊಂಕಣಿ ಬೆರೆತ ಮಾತು, ಪೇಟೆಯಲ್ಲಿ ಕನ್ನಡ, ದೇವರು ಊರಿನವರದೇ. ಅಷ್ಟಾದರೂ ಬಸ್ಸಿನಲ್ಲಿ ಪಕ್ಕ ಕೂತವರು ಕೇಳುತ್ತಿದ್ದರು, "ನಿಮ್ಮ ದೇಶ ಯಾವ್ದು?"

"ತೇರಗಾಂವ ದಾಟಿ ಎರಡ ಮೈಲು" ಎನ್ನುತ್ತಿದ್ದೆ. ಅವರು ನಗುತ್ತಿದ್ದರು, ಪೂರ್ತಿ ನಂಬುತ್ತಿರಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಏಳನೇ ಇಯತ್ತೆ ಮುಗಿಸಿದ್ದ ನನಗೆ ದಾಂಡೇಲಿಯ ಒಂದು ಕಟ್ಟಿಗೆ ಡಿಪೋದಲ್ಲಿ ಮರದ ತುಂಡುಗಳಿಗೆ ನಂಬರು ಬರೆಯುವ ಕೆಲಸ ಸಿಕ್ಕಿತ್ತು. ತೇಗದ ಮೇಲೆ ಡಾಂಬರಿನಿಂದ, ಬೀಟೆಯ ಮೇಲೆ ಸುಣ್ಣದಿಂದ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅವಳಿಗೆ ಐದು ತಿಂಗಳು.

ಅವಳನ್ನು ಸಾಕಿ ಬೆಳೆಸಿದ್ದು ಅವಳ ಅಜ್ಜಿ. ಮುಂಡಗೋಡ ಸೀಮೆಯಲ್ಲಿ, ಅತ್ತಿವೇರಿಯಿಂದ ಆಚೆ, ಹತ್ತು ಮನೆಗಳ ಒಂದು ಕೇರಿ. ಕಾಲಿನಲ್ಲಿ ಶಕ್ತಿಯಿಲ್ಲದ ಅಜ್ಜಿ ಮದುವೆಗೆ ಬಂದಿರಲಿಲ್ಲ. ಒಂದು ಕಣ್ಣಿಗೆ ಪೊರೆ ಬಂದಿತ್ತು, ಇನ್ನೊಂದಕ್ಕೂ ಬರುವುದರಲ್ಲಿತ್ತು. ಅಜ್ಜಿಯೇ ಕಳಿಸಿಕೊಟ್ಟಿದ್ದ ಹಸಿರು ಸೀರೆ ಉಟ್ಟು ತಾಳಿ ಕಟ್ಟಿಸಿಕೊಂಡ ತನ್ನ ಮುಖವನ್ನು ಆ ಒಂದು ಕಣ್ಣು ಇರುವಾಗಲೇ ಅಜ್ಜಿ ನೋಡಬೇಕು ಎಂಬುದು ಇವಳ ಹಟ. ಅಲ್ಲಿಯ ತನಕ ಕಾಡಿನ ದಾರಿ ಬೇಡವೆಂದು ಸೂಲಗಿತ್ತಿ ಗದರಿದಳು. ಹಳಿಯಾಳದವರೆಗೆ ಹೋಗಿ ಫೋಟೋ ತೆಗೆಸಲು ಒಪ್ಪಿದಳು.

ಫೋಟೋದವ ಒಳ್ಳೆಯ ಮನುಷ್ಯ. ಅವಳನ್ನು ನೋಡಿದವನೇ ಪೌಡರಿನ ಡಬ್ಬಿ ತೆಗೆದ.

"ಹಚ್ಕೋ ತಂಗಿ, ಧಾರಾಳ ಹಚ್ಕೋ. ಅಂಗಡೀದ ಐತಿ."

ಹಚ್ಚಿಕೊಂಡಳು. ಹಿಟ್ಟಿನ ಗಿರಣಿಯಿಂದ ಎದ್ದು ಬಂದವಳಂತೆ ಕಂಡಳು. ಕರಿ ಪರದೆಯ ಮುಂದೆ ಅವಳನ್ನು ನಿಲ್ಲಿಸಿ ಅವನು ಕ್ಯಾಮೆರಾಕ್ಕೆ ಹೊದಿಸಿದ ಅರಿವೆಯ ಒಳಗೆ ತಲೆ ಹಾಕಿದ. "ಕಾಳಜಿ ಮಾಡಬ್ಯಾಡ, ನಾ ಬೆಳ್ಳಗ ಮಾಡಿ ಕೊಡತೇನಿ" ಎಂದು ಅಲ್ಲಿಂದಲೇ ಧೈರ್ಯ ಹೇಳಿದ.

ವಾರ ಬಿಟ್ಟು ನಾನೊಬ್ಬನೇ ಹೋದೆ. ಕೈಗೆ ಬಂದ ಫೋಟೋ ಬೇರೆ ಯಾರದೋ ಎಂದುಕೊಂಡೆ. ಸೀರೆ ಅವಳದು, ತಾಳಿ ಅವಳದು, ಕೊರಳಿನಿಂದ ಮೇಲೆ ಬೇರೆ ಮನೆತನದ ಮಗಳು. ಗುಂಗುರು ಕೂದಲು ನುಣ್ಣಗೆ ಇಳಿದಿತ್ತು, ಮೂಗು ಸಂಪಿಗೆಯ ಎಸಳಾಗಿತ್ತು. ಅಂಗಡಿಯ ಗೋಡೆಯಲ್ಲಿದ್ದ ಕ್ಯಾಲೆಂಡರಿನ ಲಕ್ಷ್ಮಿಗೂ ಅದೇ ಮೂಗು. ಆಗ ಫಿಲ್ಮಿನ ಮೇಲೆ ಪೆನ್ಸಿಲಿನಿಂದ ತೀಡುತ್ತಿದ್ದರು. ಫಿಲ್ಮಿನಲ್ಲಿ ಕಪ್ಪು ಬಿಳಿ ತಿರುವುಮುರುವು, ತೀಡಿದಲ್ಲೆಲ್ಲ ಮುಖ ಬೆಳ್ಳಗಾಗುತ್ತಿತ್ತು.

"ಎರಡ ದಿನಾ ಕುಂತೇನಿ ಇದಕ್ಕ. ಹೆಂಗೈತಿ?" ಎಂದ.

ಖರೆ ಹೇಳಬೇಕೆಂದರೆ ನನಗೆ ಚಂದವೇ ಕಂಡಿತು. ಬೇಡ ಎನ್ನಲಿಲ್ಲ. ಮುಂಡಗೋಡದ ಕಡೆ ಹೊರಟಿದ್ದ ಲಾರಿಯ ಡ್ರೈವರ್ ಗುರುತಿನವನು. ಅವಳಿಗೆ ತೋರಿಸದೆಯೇ ಅಲ್ಲಿಂದಲೇ ಕಳಿಸಿಬಿಟ್ಟೆ. "ಲಾರಿ ಸಿಕ್ತು" ಎಂದು ಮನೆಗೆ ಬಂದು ಹೇಳಿದೆ.

ಎಂಟು ದಿನಕ್ಕೆ ಅವಳ ಅಣ್ಣ ಬಂದ. ಕೈಯಲ್ಲಿ ಬಿದಿರಿನ ಬಡಿಗೆ. ಚಪ್ಪಲಿ ಬಿಡದೆ ಹೊಸ್ತಿಲಲ್ಲಿ ನಿಂತ.

"ನನ್ನ ತಂಗಿ ಎಲ್ಲಿ ಅದಾಳ?"

ಅವಳು ಒಲೆಯ ಮುಂದಿನಿಂದ ಎದ್ದು ಬಂದಳು. ಅವನು ಅವಳ ಮುಖ ನೋಡಿದ, ಹೊಟ್ಟೆ ನೋಡಿದ, ಬಡಿಗೆ ಪಕ್ಕಕ್ಕಿಟ್ಟು ಹೊಸ್ತಿಲಲ್ಲೇ ಕೂತ.

"ಮೂರ ದಿನಾ ಆತು, ಅಜ್ಜಿ ಉಂಡಿಲ್ಲ. ನನ್ನ ಮೊಮ್ಮಗಳ್ನ ಬಿಟ್ಟು ಯಾವಾಕಿನೋ ಬಿಳೇ ಹೆಂಗಸಿನ ಮಾಡ್ಕೊಂಡಾನ, ನನ್ನ ಕೂಸಿನ ಸೀರಿ, ತಾಳಿ ಸೈತ ಆಕಿಗೆ ಹಾಕ್ಯಾನ, ಅಂತ ಒಂದ ಸವನ ಅಳಾಕತ್ತಾಳ."

ಅಂಗಿಯ ಕಿಸೆಯಿಂದ ಫೋಟೋ ತೆಗೆದು ಕೊಟ್ಟ. ಅವಳು ಬಹಳ ಹೊತ್ತು ನೋಡಿದಳು.

"ಚಲೋ ಅದಾಳ. ಎಲ್ಲೆ ಇಟ್ಟೀದಿ ಈಕೀನ?" ಎಂದಳು ನನಗೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಣ್ಣನೂ ನಕ್ಕ. ನಾನೂ ನಕ್ಕೆ. ಅವಳು ಥಟ್ಟನೆ ನಿಲ್ಲಿಸಿದಳು.

"ನಿನಗ ಚಂದ ಕಂಡಳೇನು?"

ನಾನು ಒಲೆಯ ಉರಿ ಸರಿ ಮಾಡಲು ಹೋದೆ. ಉರಿ ಸರಿಯಾಗಿಯೇ ಇತ್ತು.

"ಅಜ್ಜಿ ನನ್ನ ಗುರುತ ಹಿಡೀಲಿಲ್ಲ" ಎಂದಳು, ಯಾರಿಗೂ ಅಲ್ಲ ಎಂಬಂತೆ.

ಮರುದಿನ ಮೂವರೂ ಹಳಿಯಾಳಕ್ಕೆ ಹೋದೆವು, ಬಡಿಗೆಯೂ ಬಂತು. ಫೋಟೋದವನಿಗೆ ನಿಜವಾಗಿಯೂ ಬೇಸರವಾಯಿತು.

"ನೋಡ್ರಿ, ನಿಮ್ಮಂಥಾವ್ರ ಮುಖಾ ಕ್ಯಾಮೆರಾಕ್ಕ ಕಾಣಸೂದಿಲ್ಲ. ಹಲ್ಲು ಅಷ್ಟ ಬರತಾವ. ನಾ ತಿದ್ದಿದ್ದಕ್ಕ ಮುಖಾ ಬಂದೈತಿ."

"ನಿಮ್ಮ ಕಣ್ಣಿಗೆ ಕಾಣಸ್ತೇನೋ ಇಲ್ಲೋ?" ಎಂದು ಅವಳು ಕೇಳಿದಳು.

"ಕಾಣಸ್ತಿ."

"ಕ್ಯಾಮೆರಾದ ಹಿಂದ ನಿಲ್ಲಾವ್ರು ನೀವ ಅಲ್ಲೇನ್ರಿ ಮತ್ತ?"

ಅವನು ಕ್ಯಾಮೆರಾ ನೋಡಿದ, ಅಣ್ಣನ ಬಡಿಗೆ ನೋಡಿದ. ಆಗ ನನಗೆ ಡಿಪೋ ನೆನಪಾಯಿತು. ಶೆಡ್ಡಿನ ಕತ್ತಲಲ್ಲಿ ಬೀಟೆ ಎಂದರೆ ಬರೀ ಕರಿ ಕೊರಡು. ತಿಳಿದ ವ್ಯಾಪಾರಿ ಅದನ್ನು ಬಯಲಿಗೆ ಉರುಳಿಸಿ, ನೀರು ಹೊಡೆದು, ಓರೆ ಬಿಸಿಲಿನಲ್ಲಿ ನೋಡುತ್ತಾನೆ. ಆಗ ನೇರಳೆ, ಕೆಂಪು, ಜೇನುಬಣ್ಣದ ಗೆರೆಗಳು ಒಳಗಿಂದ ಎದ್ದು ಬರುತ್ತವೆ. ಪೌಡರಿನಂಥದ್ದು ಏನಾದರೂ ಮೇಲೆ ಬಿದ್ದಿದ್ದರೆ ಮೊದಲು ಅದನ್ನು ತೊಳೆಯುತ್ತಾನೆ. ಇದನ್ನು ಹೇಳಿದೆ.

"ಹೆಂಡ್ತೀನ ಕಟಗಿ ಮಾಡಿದಿ? ಬೆನ್ನಿಗೆ ನಂಬರ್ ಒಂದ ಬರದ ಬಿಡು" ಎಂದಳು.

ಆದರೂ ಹಿತ್ತಲಿಗೆ ಹೋಗಿ ಮುಖ ತೊಳೆದಳು. ಫೋಟೋದವನ ಹೆಂಡತಿ ಕೊಬ್ಬರಿ ಎಣ್ಣೆ ಕೊಟ್ಟಳು, ತಾನೇ ಅವಳ ಕೆನ್ನೆಗೆ ಸವರಿದಳು. "ಇವ್ರು ಹಿಂಗ. ನನ್ನ ಫೋಟೋದಾಗೂ ನನ್ನ ಮೂಗ ಬದಲ ಮಾಡ್ಯಾರ" ಎಂದು ಗಂಡನನ್ನು ತೋರಿಸಿದಳು. ಅವನು ಕ್ಯಾಮೆರಾ ಹೊತ್ತು ಹಿತ್ತಲಿಗೆ ತಂದ. ಸುಣ್ಣ ಬಳಿದ ಗೋಡೆಯ ಎದುರು ಅವಳನ್ನು ನಿಲ್ಲಿಸಿದ, ಗೋಡೆಯ ಬೆಳಕು ಮುಖಕ್ಕೆ ಬೀಳುವ ಹಾಗೆ. ಅರಿವೆಯೊಳಗೆ ತಲೆ ಹಾಕಿದ.

"ಅಯ್ಯ, ಕಾಣಸ್ತೈತಲ್ಲ" ಎಂದ, ಮೆಲ್ಲಗೆ.

"ಇನ್ನ ಪೆನ್ಸಿಲ್ಲು?" ಎಂದು ಅಣ್ಣ ಬಡಿಗೆಯನ್ನು ನೆಲಕ್ಕೆ ಕುಟ್ಟಿದ.

"ಇಲ್ಲಪಾ, ಮುಟ್ಟೂದಿಲ್ಲ! ತಂಗಿ, ಮೂರು ಅನ್ನೂತನಕ ಅಲಗಬ್ಯಾಡ."

ಎರಡು ಎನ್ನುವಾಗ ಹಿತ್ತಲಿನ ಕೋಳಿಯೊಂದು ಬಂದು ಅವಳ ಕಾಲುಂಗುರವನ್ನು ಕುಕ್ಕಿತು. ಅವಳು ಅಲುಗಲಿಲ್ಲ. ತುಟಿ ಬಿಗಿಹಿಡಿದಳು. ಕಣ್ಣನ್ನು ಹಿಡಿಯಲಾಗಲಿಲ್ಲ.

ಆ ಫೋಟೋವನ್ನು ಅಣ್ಣನೇ ಒಯ್ದ. ಅಜ್ಜಿ ಅದನ್ನು ಒಳ್ಳೆಯ ಕಣ್ಣಿನ ಹತ್ತಿರ ಹಿಡಿದು, ಮೂಗಿನ ಮೇಲೆ ಬೆರಳಾಡಿಸಿ, "ಹೂಂ, ಈಗ ಬಂದ್ಲು. ಯಾಕ ನಗಾಕತ್ತಾಳ ಇಕಿ?" ಎಂದಳಂತೆ. ಕೋಳಿಯ ಕತೆ ಕೇಳಿದ ಮೇಲೆ ಉಂಡಳಂತೆ.

ಬಿಳಿ ಫೋಟೋ ನಮ್ಮಲ್ಲೇ ಉಳಿಯಿತು. ಅವಳು ಅದನ್ನು ಹರಿದು ಹಾಕಲಿಲ್ಲ, ಟ್ರಂಕಿನ ತಳದಲ್ಲಿಟ್ಟು ಸವತಿ ಎಂದು ಕರೆದಳು. ಸಾರಿಗೆ ಉಪ್ಪು ಹೆಚ್ಚಾಯಿತೆಂದರೆ, "ಹೋಗು, ಆಕಿ ಕೈಲೆ ಮಾಡಿಸ್ಕೊಂಡ ಉಣ್ಣು." ಮಗ ಹುಟ್ಟಿದಾಗ ನೋಡಲು ಬಂದ ನೆರೆಯಾಕೆ, "ಕೂಸು ಚಲೋ ಐತಿ, ಬಣ್ಣ ಒಂದ..." ಎಂದು ರಾಗ ಎಳೆದಳು. "ಬಿಳೇದು ಬೇಕಂದ್ರ ನನ್ನ ಸವತಿ ಹಡೀಬೇಕ್ರಿ, ಆಕಿ ಟ್ರಂಕಿನಾಗ ಅದಾಳ" ಎಂದಳು ಇವಳು. ನೆರೆಯಾಕೆ ಟ್ರಂಕಿನ ಕಡೆ ನೋಡುತ್ತಲೇ ಹೋದಳು. ಚಂದ ಕಂಡಳೇನು ಎಂದು ನನಗೆ ಕೇಳಿದ ಆ ಪ್ರಶ್ನೆಯನ್ನು ಮಾತ್ರ ಅವಳು ಮತ್ತೆ ಕೇಳಲಿಲ್ಲ. ನಾನೂ ಉತ್ತರ ಹೇಳಲಿಲ್ಲ.

ಅಜ್ಜಿ ತೀರಿದ ಮೇಲೆ ಎರಡನೆಯದೂ ನಮ್ಮ ಮನೆಗೇ ಬಂತು. ಒಂದು ಮೂಲೆಯಲ್ಲಿ ಎಣ್ಣೆಯ ಕಲೆ.

ಹೋದ ತಿಂಗಳು ಅದನ್ನು ದೊಡ್ಡದು ಮಾಡಿಸಲು ಪೇಟೆಗೆ ಒಯ್ದೆ. ಈಗ ಅರಿವೆ ಇಲ್ಲ, ಪೆನ್ಸಿಲ್ ಇಲ್ಲ, ಕಂಪ್ಯೂಟರು. ಅಂಗಡಿಯವನು ಅವಳ ಮುಖವನ್ನು ಪರದೆಯ ತುಂಬ ಮಾಡಿದ. ಅಷ್ಟು ಹತ್ತಿರದಿಂದ ನೋಡಿದರೆ ಆ ಕಣ್ಣು ಇನ್ನೂ ಕೋಳಿಗೆ ನಗುತ್ತಿತ್ತು.

"ಅಜ್ಜಾರ, ಸ್ವಲ್ಪ ಬೆಳ್ಳಗ ಮಾಡ್ಲ್ಯಾ? ಒಂದ ನಿಮಿಷದ ಕೆಲಸ. ಚಂದ ಕಾಣತಾರ" ಎಂದ. ಅವನೂ ಒಳ್ಳೆಯವನೇ.

ಫೋಟೋ ಇಸಿದುಕೊಂಡು ಬಂದೆ. ಮೊಳೆ ಖಾಲಿ ಇರುವುದು ಅದಕ್ಕೆ.

ನಾಳೆ ಮತ್ತೆ ಹೋಗುತ್ತೇನೆ. ಅವನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ಕೆಲಸ ಮುಗಿಯುವ ತನಕ ಕೂಡುತ್ತೇನೆ. ಅವಳ ಅಣ್ಣನ ಬಡಿಗೆ ಈಗ ನನ್ನ ಹತ್ತಿರ ಇದೆ, ನಡೆಯಲು ಬೇಕು, ಕುಟ್ಟಲೂ ಬರುತ್ತದೆ. ಇಷ್ಟು ವರ್ಷ ಟ್ರಂಕಿನ ತಳದಲ್ಲಿದ್ದ ಸವತಿ ಈಗ ಗೋಡೆ ಏರಿ ಮಾಲೆ ಹಾಕಿಸಿಕೊಂಡರೆ, ನಾನೂ ಮೇಲಕ್ಕೆ ಹೋದಾಗ ಇವಳು ನನಗೆ ಉಣ್ಣಲು ಇಕ್ಕುವುದಿಲ್ಲ.