ಮಾದೇವಿಯ ಸೀಸೆಯ ಮೂರು ಗೆರೆ

ಕೈಗುಣ, ಕಾಣದ ಶಕ್ತಿ ಎಂದೆಲ್ಲ ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ವಿಜ್ಞಾನ ಓದಿದ ಜಂಬವೂ ಸ್ವಲ್ಪ ಇತ್ತು ಅನ್ನಿ. ಈಗ ನಂಬುತ್ತೇನೆ ಅಂತಲ್ಲ, ನಗುವುದನ್ನು ಮಾತ್ರ ಬಿಟ್ಟಿದ್ದೇನೆ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ಇದರಲ್ಲಿ ನನ್ನ ಮಾನ ಹೋಗುವ ಸಂಗತಿಯೂ ಇದೆ.

ಐದಾರು ವರ್ಷದ ಹಿಂದೆ ಹೊನ್ನಾವರದ ಒಂದು ಸಣ್ಣ ಪ್ರಯೋಗಾಲಯದಲ್ಲಿ ತಾತ್ಕಾಲಿಕ ಕೆಲಸಕ್ಕಿದ್ದೆ. ಭಟ್ಕಳದ ಹೆಬಳೆಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಜೊತೆಗಿದ್ದವಳು ಹಿರೇಗುತ್ತಿಯ ಮಾದೇವಿ. ಅಳಿವೆಯ ಬಳಚು ಎಂಬ ಚಿಪ್ಪುಜೀವಿಯ ಜೀರ್ಣಗ್ರಂಥಿಯಿಂದ ಜೀವಕೋಶ ತೆಗೆದು ಬಾಟಲಿಯಲ್ಲಿ ಬೆಳೆಸುವುದು ನಮ್ಮ ಕೆಲಸ. ತೊಂದರೆ ಏನೆಂದರೆ, ಗ್ರಂಥಿಯನ್ನು ಕತ್ತರಿಸಿದ ಕೂಡಲೇ ಅದರೊಳಗಿನ ಪ್ರೋಟಿಯೇಸ್ ಎಂಬ ಜೀರ್ಣರಸ ಹೊರಬಂದು ತನ್ನದೇ ಕೋಶಗಳನ್ನು ಕರಗಿಸತೊಡಗುತ್ತದೆ. ಅದನ್ನು ತಡೆಯುವ ಔಷಧಿ, ಅಂದರೆ ಇನ್ಹಿಬಿಟರ್, ದಿನಕ್ಕೊಮ್ಮೆ ಹಾಕಬೇಕು. ಹಾಕದಿದ್ದರೆ ಎರಡೇ ದಿನದಲ್ಲಿ ಎಲ್ಲ ಗಂಜಿ.

ಇಬ್ಬರಲ್ಲಿ ಒಬ್ಬರನ್ನಷ್ಟೇ ಕಾಯಂ ಮಾಡುವುದಿತ್ತು. ಯಾರ ಕೋಶ ಒಂದು ವಾರ ಬದುಕುತ್ತದೋ ನೋಡೋಣ ಎಂದಿದ್ದರು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ. ನಾನು ಹತ್ತು ಸಲ ಅಳೆದು ಮಾಡುವುದನ್ನು ಮಾದೇವಿ ಹಾಡು ಗುನುಗುತ್ತ ಮಾಡಿ ಮುಗಿಸುತ್ತಿದ್ದಳು, ಆದರೂ ಅವಳವೇ ಚೆನ್ನಾಗಿರುತ್ತಿದ್ದವು. ಅವಳ ಬಾಟಲಿ ನೋಡಿ ಮೇಡಂ ಮುಗುಳ್ನಕ್ಕರೆ ನನಗೆ ಊಟ ಸೇರುತ್ತಿರಲಿಲ್ಲ.

ಆ ವಾರದ ನಡುವೆಯೇ ಅವಳ ಅಣ್ಣನ ಮದುವೆ. ಅವರ ಮನೆಯಲ್ಲಿ ಪ್ರತಿ ಶಾಸ್ತ್ರಕ್ಕೂ ಹೆಂಗಸರು ಹಾಡಬೇಕು. ಅಜ್ಜಿಯ ಜೊತೆ ಹಾಡು ಎತ್ತುವವಳು ಇವಳೇ, ಹಾಗಾಗಿ ಮೂರು ದಿನ ಚಪ್ಪರ ಬಿಟ್ಟು ಏಳುವಂತಿಲ್ಲ. ಮೇಡಂ ಕೂಡ ಊರಲ್ಲಿರಲಿಲ್ಲ. ಪ್ರಯೋಗಾಲಯಕ್ಕಿದ್ದ ಒಂದೇ ಕೀಲಿ ನನ್ನ ಕೈಯಲ್ಲಿತ್ತು.

"ನಂದಕ್ಕೂ ಔಷಧಿ ಹಾಕು ಮಾರಾಯ್ತಿ, ಮರೀಬೇಡ" ಎಂದಳು.

"ಆತು, ನೀ ಹೋಗಿ ಬಾ" ಎಂದೆ.

ನಮ್ಮಿಬ್ಬರಿಗೂ ಔಷಧಿಯ ಬೇರೆ ಬೇರೆ ಸೀಸೆ. ಹಿಂದೆಲ್ಲ ಕಂಪೌಂಡರುಗಳು ಅಂಟಿಸುತ್ತಿದ್ದರಲ್ಲ, ಹಾಗೆ ಮಾದೇವಿ ಎರಡಕ್ಕೂ ಕಾಗದದ ಪಟ್ಟಿ ಅಂಟಿಸಿ ಡೋಸಿಗೊಂದು ಗೆರೆ ಎಳೆದಿದ್ದಳು. ಮೂರು ದಿನವೂ ನನ್ನ ಬಾಟಲಿಗೆ ಒಂದೊಂದು ಗೆರೆಯಷ್ಟು ಹಾಕಿದೆ. ಅವಳ ಸೀಸೆಯನ್ನು ಫ್ರಿಜ್ಜಿನಿಂದ ಹೊರಗೇ ತೆಗೆಯಲಿಲ್ಲ. ಮರೆತದ್ದಲ್ಲ, ಬೇಕೆಂದೇ.

ಮೂರನೆಯ ದಿನ ಬೀಗ ಹಾಕಿ ಹಿರೇಗುತ್ತಿಗೆ ಮದುವೆ ಊಟಕ್ಕೂ ಹೋದೆ. ಹಾಡಿ ಹಾಡಿ ಮಾದೇವಿಯ ಗಂಟಲು ಕಟ್ಟಿತ್ತು. ಬಡಿಸುತ್ತ ಬಗ್ಗಿ, "ಹಾಕ್ದ್ಯಾ?" ಎಂದು ಕೇಳಿದಳು. ತಲೆಯಾಡಿಸಿದೆ. ಹೋಳಿಗೆಗೆ ಇನ್ನೊಂದು ಮಿಳ್ಳೆ ತುಪ್ಪ ಹಾಕಿದಳು.

ಮರುದಿನ ಬೆಳಿಗ್ಗೆ ಮೇಡಂ ಬಂದರು. ಮೂವರೂ ಕೂಡಿಯೇ ಬೀಗ ತೆಗೆದೆವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನನ್ನ ಕೋಶಗಳೆಲ್ಲ ಒಡೆದು ಕಸವಾಗಿದ್ದವು. ಅವಳವು ಗಾಜಿಗೆ ಅಂಟಿಕೊಂಡು ಗಟ್ಟಿಮುಟ್ಟಾಗಿದ್ದವು. ಬಾಟಲಿ ಅದಲುಬದಲಾಗಿರಲಿಲ್ಲ, ಮೇಲೆ ಅವಳದೇ ಅಕ್ಷರ ಇತ್ತು. ನಾನು ಮಾತಾಡುವ ಮೊದಲೇ ಮಾದೇವಿ ಫ್ರಿಜ್ಜಿನಿಂದ ತನ್ನ ಸೀಸೆ ತೆಗೆದಳು.

"ನೋಡಿ ಮೇಡಂ, ಸರೀ ಮೂರು ಗೆರೆ ಇಳದದೆ. ತನ್ನದು ಸತ್ರೂ ನಂದು ಬದುಕ್ಸಿದ್ಲು. ಕಾಯಂ ಮಾಡೂದಾದ್ರೆ ಇವಳ್ನೇ ಮಾಡಿ."

ಸೀಸೆಯನ್ನು ಕಸಿದು ನೋಡಿದೆ. ನಿಜಕ್ಕೂ ಮೂರು ಗೆರೆ ಇಳಿದಿತ್ತು. ಸೋರಿರಲಿಲ್ಲ, ಮುಚ್ಚಳ ಬಿಗಿಯಾಗಿಯೇ ಇತ್ತು. ಕೈತಪ್ಪಿ ಅವಳದನ್ನು ಬಳಸಿದೆನೇ ಎಂದರೆ ನನ್ನ ಸೀಸೆಯಲ್ಲೂ ಮೂರು ಗೆರೆ ಕಡಿಮೆಯಾಗಿತ್ತು. ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಅವಳ ಮಾತು ಕೇಳಿ ಮೇಡಂ ನನ್ನನ್ನೇ ಕಾಯಂ ಮಾಡಿದರು. ಆ ಕೆಲಸದಲ್ಲೇ ಇವತ್ತಿಗೂ ಇದ್ದೇನೆ. ಮಾದೇವಿ ಕುಮಟೆಯಲ್ಲಿ ಟೀಚರ್. ಸಿಕ್ಕಾಗಲೆಲ್ಲ ನನ್ನ ಒಳ್ಳೆಯತನವನ್ನು ಗಂಡನ ಮುಂದೆ ಹೊಗಳುತ್ತಾಳೆ. ಬೀಗ ಹಾಕಿದ ಕೋಣೆಯಲ್ಲಿ ಅವಳ ಔಷಧಿ ಹಾಕಿದ ಕೈ ಯಾರದೋ ನನಗೆ ತಿಳಿದಿಲ್ಲ. ಅದು ಯಾರದೇ ಆಗಿರಲಿ, ಪಕ್ಕದಲ್ಲೇ ಸಾಯುತ್ತಿದ್ದ ನನ್ನ ಬಾಟಲಿಯನ್ನು ಮುಟ್ಟದೆ ಅವಳದನ್ನೇ ಯಾಕೆ ಮುಟ್ಟಿತು ಎಂದು ಈಗಲೂ ಹೊಟ್ಟೆ ಉರಿಯುತ್ತದೆ.